ಜೂಲಿಗೆ ಇನ್ಶೂರೆನ್ಸ್: ಕಟ್ಟಿದ್ದೆಷ್ಟು, ಬಂದದ್ದೆಷ್ಟು

ಕಳೆದ ವಾರ ಬ್ಯಾಂಕಿನಿಂದ ಮೆಸೇಜ್ ಬಂತು. ನಮ್ಮ ನಾಯಿ ಜೂಲಿಯ ಕ್ಲೇಮ್ ಹಣ ₹12,780 ಜಮಾ. ನಾವು ಆಸ್ಪತ್ರೆಗೆ ಕಟ್ಟಿದ್ದು ₹18,400. ನಾಯಿಗೆ ಇನ್ಶೂರೆನ್ಸ್ ಬೇಕಾ ಬೇಡವಾ ಅಂತ ತಲೆ ಕೆಡಿಸಿಕೊಂಡು, ಅಂತೂ ಮಾಡಿಸಿ, ಒಂದು ಕ್ಲೇಮನ್ನೂ ಮುಗಿಸಿ ಈಗ ನಿಟ್ಟುಸಿರು ಬಿಟ್ಟಿದ್ದೇನೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕಿರುವವರೆಲ್ಲ ಲಿಫ್ಟಿನಲ್ಲಿ ಸಿಕ್ಕಾಗ ಇದನ್ನೇ ಕೇಳುತ್ತಾರೆ. ಲಿಫ್ಟು ನಾಲ್ಕನೇ ಮಹಡಿ ತಲುಪುವಷ್ಟರಲ್ಲಿ ಹೇಳಿ ಮುಗಿಯುವ ಕಥೆ ಇದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಜೂಲಿಗೆ ಐದು ವರ್ಷ. ಬಿಳಿ ಬಣ್ಣ, ಪೊದೆಯಂಥ ಬಾಲ, ಏಳು ಕೆಜಿ. ತುಮಕೂರಿನಲ್ಲಿ ಪರಿಚಯದವರ ಮನೆಯಲ್ಲಿ ಹುಟ್ಟಿದವಳು. ಬೆಂಗಳೂರಿನಲ್ಲಿ ಇಂಥ ನಾಯಿಯನ್ನು ಎಲ್ಲರೂ ಪೊಮೆರೇನಿಯನ್ ಅಂತಲೇ ಕರೆಯುವುದು. ನಿಜಕ್ಕೂ ಇವು ಇಂಡಿಯನ್ ಸ್ಪಿಟ್ಜ್. ಅಸಲಿ ಪೊಮೆರೇನಿಯನ್ ಇನ್ನೂ ಚಿಕ್ಕದು, ಮೂರು ಕೆಜಿಯ ಆಸುಪಾಸು. ಈ ವ್ಯತ್ಯಾಸ ನಮಗೆ ಎಷ್ಟು ಕಾಟ ಕೊಟ್ಟಿತು ಅನ್ನುವುದು ಮುಂದೆ ಬರುತ್ತದೆ.

ಇನ್ಶೂರೆನ್ಸ್ ವಿಚಾರ ಶುರುವಾಗಿದ್ದು ಉಣ್ಣಿ ಕಚ್ಚಿ ಬರುವ ಟಿಕ್ ಫೀವರ್‌ನಿಂದ. ಮಳೆಗಾಲ ಮುಗಿಯುವ ಹೊತ್ತು. ಜೂಲಿ ಊಟ ಬಿಟ್ಟಳು. ಬಾಗಿಲ ಬೆಲ್ ಆದರೂ ಏಳಲಿಲ್ಲ. ಸ್ಪಿಟ್ಜ್ ಸಾಕಿದವರಿಗೆ ಗೊತ್ತು, ಬೆಲ್ ಆದಾಗ ಬೊಗಳದ ಸ್ಪಿಟ್ಜ್ ಅಂದರೆ ಏನೋ ಆಗಿದೆ ಅಂತಲೇ ಅರ್ಥ. ಕಿವಿಯ ಮಡಿಕೆಯಲ್ಲಿ ಎರಡು ಉಣ್ಣಿ ಸಿಕ್ಕವು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 38,000ಕ್ಕೆ ಇಳಿದಿತ್ತು. ಎರಡು ಲಕ್ಷದ ಮೇಲೆ ಇರಬೇಕಾದದ್ದು. ಡಾಕ್ಟರು ಎರ್ಲಿಕಿಯಾ ಅಂದರು, ಉಣ್ಣಿಯಿಂದ ಹರಡುವ ಸೋಂಕು. ನಾಲ್ಕು ವಾರ ಡಾಕ್ಸಿಸೈಕ್ಲಿನ್ ಮಾತ್ರೆ, ಮಧ್ಯೆ ಮಧ್ಯೆ ಮತ್ತೆ ರಕ್ತ ಪರೀಕ್ಷೆ, ಒಂದೆರಡು ಸಲ ಡ್ರಿಪ್. ಅಡ್ಮಿಟ್ ಮಾಡಲೇ ಇಲ್ಲ, ಆದರೂ ಹದಿನಾಲ್ಕು ಸಾವಿರದ ಹತ್ತಿರ ಹೋಯಿತು. ಜೂಲಿ ಹುಷಾರಾದಳು. ನಮ್ಮ ಮನೆಯವರು ಬಿಲ್ಲುಗಳನ್ನೆಲ್ಲ ಟೇಬಲ್ ಮೇಲೆ ಹರಡಿ, "ನಿನಗೆ, ನನಗೆ, ಅಮ್ಮನಿಗೆ, ಸ್ಕೂಟರಿಗೆ, ಎಲ್ಲಕ್ಕೂ ಇನ್ಶೂರೆನ್ಸ್ ಇದೆ. ಇವಳಿಗೆ ಮಾತ್ರ ಇಲ್ಲ ನೋಡು" ಅಂದರು.

ಚನ್ನರಾಯಪಟ್ಟಣದ ಸೋದರಮಾವನಿಗೆ ಫೋನ್ ಮಾಡಿದಾಗ ವಿಷಯ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಅವರು ಹಸುಗಳಿಗೆ ವಿಮೆ ಮಾಡಿಸುತ್ತಾ, ಕಿವಿಗೆ ನಂಬರಿನ ಓಲೆ ಹಾಕಿಸುತ್ತಾ ಬಂದವರು. "ಕಿವಿ ಓಲೆ ಹಾಕಿಸಿದ್ಯೇನಮ್ಮಾ? ಓಲೆ ಇಲ್ಲ ಅಂದ್ರೆ ದುಡ್ಡಿಲ್ಲ. ಹಸು ಸತ್ತರೂ ಓಲೆ ಕಿವಿಯಲ್ಲಿರಬೇಕು" ಅಂದರು. ನಾಯಿಗೆ ಓಲೆ ಎಲ್ಲಿಂದ ತರಲಿ ಮಾವ ಅಂದೆ. ನಾಯಿಗೂ ಹಾಗೇ ಗುರುತು ಕೇಳುತ್ತಾರೆ, ಓಲೆಯ ಬದಲು ಚರ್ಮದ ಕೆಳಗೆ ಮೈಕ್ರೋಚಿಪ್ ಅಂತ ಆಮೇಲೆ ಗೊತ್ತಾಯಿತು.

ಮಾವ ಹೇಳಿದ ಇನ್ನೊಂದು ಮಾತೂ ಉಪಯೋಗಕ್ಕೆ ಬಂತು. ದನದ ವಿಮೆ ಮುಖ್ಯವಾಗಿ ದನ ಸತ್ತರೆ ಕೊಡುವ ಹಣ, ಚಿಕಿತ್ಸೆಗಲ್ಲ. ನಾಯಿಗೂ ಇದೇ ಜಾತಿಯ ಪಾಲಿಸಿಗಳಿವೆ, ನಾಯಿ ಸತ್ತರೆ ಅದರ ಬೆಲೆ ಕೊಡುವಂಥವು. ಬೆಲೆ ಕೊಟ್ಟು ತಂದ, ತಳಿಯ ಪತ್ರ ಇರುವ ನಾಯಿಗೆ ಅದು ಸರಿ ಹೋಗಬಹುದು. ನಮ್ಮ ಜೂಲಿಯನ್ನು ಬುಟ್ಟಿಯಲ್ಲಿ ಕೂರಿಸಿ ಸುಮ್ನೆ ಕೊಟ್ಟು ಕಳಿಸಿದ್ದರು. ಅವಳ ಮಾರುಕಟ್ಟೆ ಬೆಲೆ ಸೊನ್ನೆ. ನಮಗೆ ಬೇಕಿದ್ದದ್ದು ಆಸ್ಪತ್ರೆ ಖರ್ಚು. ಆಪರೇಷನ್, ಅಡ್ಮಿಷನ್ ಎಲ್ಲ ಸೇರಿಸಿದ ಪಾಲಿಸಿಯನ್ನು ಬಜಾಜ್ ಅಲಿಯಾನ್ಸ್ 2020ರಲ್ಲಿ ತಂದಿತು. ಆಮೇಲೆ ಬೇರೆ ಕಂಪನಿಗಳೂ ಬಂದವು. ನೀವು ಹುಡುಕುವಾಗ ಮೊದಲು ಇದನ್ನೇ ನೋಡಿ: ಸಾವಿಗೆ ಕೊಡುವ ಪಾಲಿಸಿಯಾ, ಚಿಕಿತ್ಸೆಗೆ ಕೊಡುವ ಪಾಲಿಸಿಯಾ. ಜಾಹೀರಾತಿನಲ್ಲಿ ಎರಡಕ್ಕೂ ಒಂದೇ ನಾಯಿಮರಿಯ ಫೋಟೋ ಇರುತ್ತದೆ.

ಹಲವು ಸಂಜೆ ಪಾಲಿಸಿಗಳನ್ನು ಡೌನ್‌ಲೋಡ್ ಮಾಡಿ ಓದಿದೆ. ಓದುವುದು ಅಂದರೆ ಹಿಂದಿನಿಂದ ಮುಂದಕ್ಕೆ. ಏನು ಕೊಡುವುದಿಲ್ಲ ಅನ್ನುವ ಪುಟ ಮೊದಲು.

ಮೂಲ ಪಾಲಿಸಿಯಲ್ಲಿ ಇರುವುದು ಆಪರೇಷನ್ ಮತ್ತು ಅಡ್ಮಿಷನ್. ಸುಮ್ನೆ ತೋರಿಸಿಕೊಂಡು, ಮಾತ್ರೆ ಬರೆಸಿಕೊಂಡು ಬರುವುದಕ್ಕೆ ಓಪಿಡಿ ಅಂತ ಬೇರೆ ಸೇರಿಸಬೇಕು, ಬೇರೆ ಹಣ ಕಟ್ಟಬೇಕು. ಅಂದರೆ ನಮ್ಮ ಟಿಕ್ ಫೀವರ್ ಬಿಲ್ಲಿಗೆ ಒಂದು ರೂಪಾಯಿಯೂ ಬರುತ್ತಿರಲಿಲ್ಲ, ಅವಳು ಅಡ್ಮಿಟ್ ಆಗಿರಲಿಲ್ಲವಲ್ಲ. ಚಿಕ್ಕ ನಾಯಿಯ ಖರ್ಚು ಬಹುಪಾಲು ಹೀಗೇ ಓಪಿಡಿಯಲ್ಲೇ ಕರಗುತ್ತದೆ: ವಾಂತಿ, ಚರ್ಮದ ತುರಿಕೆ, ಕಿವಿಯ ಸೋಂಕು. ಓಪಿಡಿ ಸೇರಿಸಿದರೆ ಕಟ್ಟುವುದೂ ಜಾಸ್ತಿ, ಕೊಡುವುದಕ್ಕೆ ಮಿತಿಯೂ ಸಣ್ಣದು. ಲೆಕ್ಕ ಹಾಕಿ ಅದನ್ನು ಬಿಟ್ಟೆ.

ಹಲ್ಲು ಕ್ಲೀನಿಂಗ್ ಇಲ್ಲ. ಲಸಿಕೆ ಇಲ್ಲ. ಸಂತಾನಹರಣ ಇಲ್ಲ. ಲಸಿಕೆ ಹಾಕಿಸಿದ್ದರೆ ತಪ್ಪಿಸಬಹುದಾಗಿದ್ದ ಪಾರ್ವೋ, ಡಿಸ್ಟೆಂಪರ್‌ನಂಥ ರೋಗ ಬಂದು, ಲಸಿಕೆಯ ದಾಖಲೆ ಇಲ್ಲದಿದ್ದರೆ ಅದೂ ಇಲ್ಲ. ಹುಟ್ಟಿನಿಂದ ಬಂದ ದೋಷ, ಮೊದಲೇ ಇದ್ದ ಕಾಯಿಲೆ ಇಲ್ಲ. ಇದೆಲ್ಲ ಒಪ್ಪಬಹುದಾದದ್ದೇ.

ನನಗೆ ಕಸಿವಿಸಿ ಆದದ್ದು ವಯಸ್ಸಿನ ಸಾಲಿನಲ್ಲಿ. ನಾನು ಓದಿದ ಪಾಲಿಸಿಗಳಲ್ಲಿ ಚಿಕ್ಕ ತಳಿಯ ನಾಯಿ ಹೊಸದಾಗಿ ಸೇರುವುದಕ್ಕೆ ಏಳು ವರ್ಷದವರೆಗೆ ಅವಕಾಶ, ರಿನ್ಯೂವಲ್ ಹತ್ತು ವರ್ಷದವರೆಗೆ. ಗ್ರೇಟ್ ಡೇನ್‌ನಂಥ ದೈತ್ಯ ತಳಿಗಳಿಗೆ ಇನ್ನೂ ಬೇಗ ಬಾಗಿಲು ಮುಚ್ಚುತ್ತದೆ. ಚಿಕ್ಕ ನಾಯಿಗೆ ರಿಯಾಯಿತಿ ಕೊಟ್ಟಿದ್ದಾರೆ ಅನ್ನಿಸುತ್ತದೆ, ಅಲ್ವಾ? ಆದರೆ ಚಿಕ್ಕ ನಾಯಿಗಳು ಹದಿಮೂರು, ಹದಿನಾಲ್ಕು ವರ್ಷ ಆರಾಮಾಗಿ ಬದುಕುತ್ತವೆ. ಹೃದಯದ ಕವಾಟ ಸಡಿಲವಾಗಿ ಕೆಮ್ಮು ಶುರುವಾಗುವುದು, ಶ್ವಾಸನಾಳ ಕುಸಿಯುವುದು, ಹಲ್ಲು ಉದುರುವುದು, ಕಿಡ್ನಿ ಸೋಲುವುದು ಬಹುಪಾಲು ಆ ಮುದಿ ವಯಸ್ಸಿನಲ್ಲೇ. ಖರ್ಚು ಶುರುವಾಗುವ ಹೊತ್ತಿಗೆ ಪಾಲಿಸಿ ಮುಗಿದಿರುತ್ತದೆ. ಇದನ್ನು ಯಾವ ಏಜೆಂಟರೂ ನನಗೆ ಬಾಯಿಬಿಟ್ಟು ಹೇಳಲಿಲ್ಲ.

ಹಾಗಾಗಿ ಇನ್ಶೂರೆನ್ಸ್ ಒಂದನ್ನೇ ನಂಬುವುದು ಬೇಡ ಅಂತ ಮೊದಲೇ ತೀರ್ಮಾನವಾಯಿತು. ಜೂಲಿ ಹೆಸರಿನಲ್ಲಿ ತಿಂಗಳಿಗೆ ₹1,000ದ ಆರ್‌ಡಿ ಬ್ಯಾಂಕಿನಲ್ಲಿ ಶುರು ಮಾಡಿದೆವು. ಹೆಸರು ನನ್ನದೇ ಅನ್ನಿ. ಪೋಸ್ಟ್ ಆಫೀಸಿನ ಆರ್‌ಡಿ ಐದು ವರ್ಷದ್ದು, ಮೂರು ವರ್ಷದ ಮೊದಲು ಮುರಿಯಲು ಬಿಡುವುದಿಲ್ಲ. ನಾಯಿಯ ಎಮರ್ಜೆನ್ಸಿಗೆ ಅದು ಒದಗುವುದಿಲ್ಲ. ಇನ್ನು ಇನ್ಶೂರೆನ್ಸ್ ಯಾಕೆ ಅಂದರೆ, ಆರ್‌ಡಿ ತುಂಬುವ ಮೊದಲೇ ದೊಡ್ಡ ಏಟು ಬಿದ್ದರೆ? ಬಾಲ್ಕನಿಯಿಂದ ಬಿದ್ದರೆ, ಗಾಡಿಗೆ ಸಿಕ್ಕರೆ? ಏಳು ಕೆಜಿ ಪ್ರಾಣಿಗೆ ಸಣ್ಣ ಏಟೂ ದೊಡ್ಡದೇ. ಜೊತೆಗೆ ಥರ್ಡ್ ಪಾರ್ಟಿ ಅಂತ ಒಂದಿತ್ತು. ನಮ್ಮ ನಾಯಿ ಬೇರೆಯವರಿಗೆ ಗಾಯ ಮಾಡಿ ಪರಿಹಾರ ಕೊಡಬೇಕಾಗಿ ಬಂದರೆ ಅದಕ್ಕೆ. ಕೊರಿಯರ್ ಹುಡುಗರ ಪ್ಯಾಂಟಿನ ಮೇಲೆ ಜೂಲಿಗೆ ಇರುವ ದ್ವೇಷ ನೋಡಿದವರಿಗೆ ಇದು ಎಷ್ಟು ಮುಖ್ಯ ಅಂತ ಅರ್ಥವಾಗುತ್ತದೆ.

ಇಲ್ಲಿ ಒಂದು ಮಾತು. ಹೆಬ್ಬಾಳದ ವೆಟರ್ನರಿ ಕಾಲೇಜಿನ ಆಸ್ಪತ್ರೆ ಹತ್ತಿರವಿದ್ದು, ಬೆಳಿಗ್ಗೆ ಹೋಗಿ ಸಾಲಿನಲ್ಲಿ ಕಾಯುವಷ್ಟು ಪುರುಸೊತ್ತು ಇದ್ದರೆ ನಿಮ್ಮ ಲೆಕ್ಕವೇ ಬೇರೆ. ಕ್ವೀನ್ಸ್ ರಸ್ತೆಯಲ್ಲೂ ಸರ್ಕಾರಿ ಪಶು ಆಸ್ಪತ್ರೆ ಇದೆ. ಖಾಸಗಿಗೆ ಹೋಲಿಸಿದರೆ ಖರ್ಚು ಎಷ್ಟೋ ಕಮ್ಮಿ. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಅತ್ತೆಗೆ ಮಂಡಿ ನೋವು. ರಾತ್ರಿ ಹೊತ್ತು ಏನಾದರೂ ಆದರೆ ನಮಗೆ ಖಾಸಗಿಯೇ ಗತಿ.

ಪ್ರೊಪೋಸಲ್ ಫಾರ್ಮಿನ ಜೊತೆ ಡಾಕ್ಟರ ಆರೋಗ್ಯ ಸರ್ಟಿಫಿಕೇಟ್ ಕೇಳಿದರು. ಟಿಕ್ ಫೀವರ್‌ನ ಮಾತ್ರೆ ಮುಗಿದು, ರಕ್ತ ಪರೀಕ್ಷೆ ಸರಿ ಬರುವ ತನಕ ಡಾಕ್ಟರ್ ಸರ್ಟಿಫಿಕೇಟ್ ಕೊಡಲು ಒಪ್ಪಲಿಲ್ಲ. ಸರಿಯೇ. ಕಾದೆವು. ಕೊನೆಗೆ ಹೋದಾಗ ಅವರು ಜೂಲಿಯನ್ನು ಟೇಬಲ್ ಮೇಲೆ ನಿಲ್ಲಿಸಿ ಎದೆ ಕೇಳಿದರು, ಹಲ್ಲು ನೋಡಿದರು. ಆಮೇಲೆ ಹಿಂಗಾಲನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಮಂಡಿಯನ್ನು ಮೆಲ್ಲಗೆ ಒಳಗೆ ಒತ್ತಿದರು. ಟಕ್ ಅಂತ ಮಂಡಿಚಿಪ್ಪು ಜಾರಿತು. ಬೆರಳು ಬಿಟ್ಟರೆ ವಾಪಸ್ ಕೂತಿತು. ಜೂಲಿ ಕಿರುಚಲೂ ಇಲ್ಲ. "ಇವಳು ಓಡುವಾಗ ಒಂದು ಕಾಲು ಎತ್ತಿಕೊಳ್ತಾಳಾ?" ಅಂತ ಕೇಳಿದರು. ಹೌದು, ಕುಂಟೆಬಿಲ್ಲೆ ಆಡುವವಳ ಹಾಗೆ ನಾಲ್ಕು ಹೆಜ್ಜೆ ಕುಪ್ಪಳಿಸಿ ಮತ್ತೆ ಸರಿಯಾಗುತ್ತಾಳೆ. ನಾವು ಅದನ್ನು ಅವಳ ಸ್ಟೈಲ್ ಅಂದುಕೊಂಡು ವಿಡಿಯೋ ಮಾಡಿಕೊಂಡಿದ್ದೆವು.

ಪಟೆಲ್ಲಾ ಲಕ್ಸೇಷನ್, ಅಂದರೆ ಮಂಡಿಚಿಪ್ಪು ಜಾಗ ಬಿಟ್ಟು ಜಾರುವುದು, ಎರಡನೇ ಗ್ರೇಡ್. ಒಟ್ಟು ನಾಲ್ಕು ಗ್ರೇಡ್ ಇರುತ್ತವೆ. ಚಿಕ್ಕ ತಳಿಗಳಲ್ಲಿ ಇದು ತುಂಬಾ ಸಾಮಾನ್ಯ. ಎರಡನೇ ಗ್ರೇಡಿನಲ್ಲಿ ತೂಕ ಹಿಡಿತದಲ್ಲಿಟ್ಟು, ಸೋಫಾದಿಂದ ಜಿಗಿಯದ ಹಾಗೆ ನೋಡಿಕೊಂಡರೆ ಎಷ್ಟೋ ನಾಯಿಗಳು ಆಪರೇಷನ್ ಇಲ್ಲದೆ ಕಳೆಯುತ್ತವಂತೆ. ಮುಂದೆ ಹೆಚ್ಚಾದರೆ ಆಪರೇಷನ್ನಿಗೆ ಒಂದು ಕಾಲಿಗೆ ಅರವತ್ತು, ಎಪ್ಪತ್ತು ಸಾವಿರ ಅಂದರು. ಮನಸ್ಸು ಕುಸಿಯಿತು. ಯಾವ ಆಪರೇಷನ್ನಿಗೆ ಇನ್ಶೂರೆನ್ಸ್ ಒದಗಬೇಕಿತ್ತೋ ಅದೇ ಈಗ ಮೊದಲೇ ಇದ್ದ ಕಾಯಿಲೆಯ ಲೆಕ್ಕಕ್ಕೆ ಬಂತು. ಸರ್ಟಿಫಿಕೇಟಿನಲ್ಲಿ ಬರೆಯದೆ ಬಿಡಿ ಅಂತ ಕೇಳೋಣವೇ ಅಂತ ನಮ್ಮ ಮನೆಯವರು ಕಣ್ಣಲ್ಲೇ ಕೇಳಿದರು. ಬೇಡ ಅಂದೆ. ಮುಚ್ಚಿಟ್ಟದ್ದು ಹೊರಬಿದ್ದರೆ ಬೇರೆ ಕ್ಲೇಮೂ ಹೋಗುತ್ತದೆ. ಡಾಕ್ಟರ್ ಹೇಗೂ ಬರೆಯುವವರೇ ಇದ್ದರು.

ಚಿಪ್ ಹಾಕಿಸಿದ್ದೂ ಅಲ್ಲೇ. ಅಕ್ಕಿ ಕಾಳಿನಷ್ಟು ಗಾತ್ರದ್ದು. ದಪ್ಪ ಸೂಜಿಯಿಂದ ಎರಡು ಭುಜಗಳ ನಡುವೆ ಚರ್ಮದ ಕೆಳಗೆ ಕೂರಿಸುತ್ತಾರೆ. ಹದಿನೈದು ಅಂಕಿಯ ನಂಬರ್. ಸ್ಟಿಕ್ಕರುಗಳು ಜೊತೆಗೇ ಬರುತ್ತವೆ. ಒಂದನ್ನು ಲಸಿಕೆ ಪುಸ್ತಕಕ್ಕೆ ಅಂಟಿಸಿ, ಉಳಿದದ್ದನ್ನು ಜೋಪಾನ ಮಾಡಿ. ಚಿಪ್‌ನಲ್ಲಿ ಜಿಪಿಎಸ್ ಇಲ್ಲ, ಕಳೆದುಹೋದರೆ ಫೋನಿನಲ್ಲಿ ಹುಡುಕಲು ಬರುವುದಿಲ್ಲ. ರೀಡರ್ ಹಿಡಿದರೆ ನಂಬರ್ ಹೇಳುತ್ತದೆ, ಅಷ್ಟೇ.

ಫೋಟೋಗಳು ಇನ್ನೊಂದು ಪ್ರಹಸನ. ಮುಂದಿನಿಂದ, ಎರಡು ಪಕ್ಕದಿಂದ, ಹಿಂದಿನಿಂದ, ನಿಂತ ಭಂಗಿಯಲ್ಲಿ ಬೇಕಂತೆ. ಬಿಸ್ಕತ್ ತೋರಿಸಿದರೆ ಕೂರುತ್ತಾಳೆ, ಬಿಸ್ಕತ್ ಅಡಗಿಸಿದರೆ ಹೊರಟೇ ಹೋಗುತ್ತಾಳೆ. ಕೊನೆಗೆ ಅತ್ತೆ ಬಾಗಿಲ ಬೆಲ್ ಒತ್ತಿದರು. ಜೂಲಿ ಎದ್ದು ನಿಂತು ಬೊಗಳುವಷ್ಟರಲ್ಲಿ ನಾನು ಸುತ್ತ ಓಡಾಡಿ ಕ್ಲಿಕ್ಕಿಸಿದೆ. ಎಲ್ಲ ಫೋಟೋದಲ್ಲೂ ಬಾಯಿ ತೆರೆದಿದೆ.

ಹಣ ಕಟ್ಟಿ ಕೂತೆವು. ಪಾಲಿಸಿ ಬರಲಿಲ್ಲ, ಪ್ರಶ್ನೆ ಬಂತು. ಲಸಿಕೆ ಪುಸ್ತಕದಲ್ಲಿ ಪೊಮೆರೇನಿಯನ್ ಅನ್ನುವುದಕ್ಕೆ ಚಿಕ್ಕದಾಗಿ "ಪಾಮ್" ಅಂತಿದೆ, ಡಾಕ್ಟರ ಸರ್ಟಿಫಿಕೇಟಿನಲ್ಲಿ ಇಂಡಿಯನ್ ಸ್ಪಿಟ್ಜ್ ಅಂತಿದೆ, ಇದು ಒಂದೇ ನಾಯಿಯಾ? ಹುಟ್ಟಿದ ತಾರೀಖಿಗೆ ದಾಖಲೆ ಏನು? ತಳಿ, ಹುಟ್ಟು ದಾಖಲಿಸುವ ಕೆನಲ್ ಕ್ಲಬ್ ಪತ್ರ ನಮ್ಮಲ್ಲಿ ಇಲ್ಲ. ಮತ್ತೆ ಡಾಕ್ಟರ ಹತ್ತಿರ ಹೋಗಿ, ಹಲ್ಲು ಮತ್ತು ಲಸಿಕೆ ದಾಖಲೆಯ ಆಧಾರದಲ್ಲಿ ವಯಸ್ಸು ಇಷ್ಟು, ತಳಿ ಇದು, ಚಿಪ್ ನಂಬರ್ ಇದು ಅಂತ ಒಂದೇ ಪತ್ರದಲ್ಲಿ ಬರೆಸಿದೆವು. ಕೆಳಗೆ ಸೀಲು, ಪಶುವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ. ಆ ಸಂಖ್ಯೆ ಇಲ್ಲದ ಕಾಗದ ಇವರಿಗೆ ಕಾಗದವೇ ಅಲ್ಲ. ಇಂಥದ್ದೊಂದು ಪತ್ರವನ್ನು ಮೊದಲೇ ಮಾಡಿಸಿಟ್ಟುಕೊಂಡರೆ ನಿಮಗೆ ಈ ಓಡಾಟ ಇರುವುದಿಲ್ಲ.

ಪಾಲಿಸಿ ಬಂತು. ₹50,000ದ ಮಿತಿ, ಪ್ರೀಮಿಯಂ ಜಿಎಸ್‌ಟಿ ಸೇರಿ ₹4,700. ಮೊದಲ 30 ದಿನ ಯಾವ ಕಾಯಿಲೆಗೂ ಇಲ್ಲ, ಅಪಘಾತಕ್ಕೆ ಮಾತ್ರ ತಕ್ಷಣದಿಂದ. ಪ್ರತಿ ಕ್ಲೇಮಿನಲ್ಲೂ ನಮ್ಮ ಪಾಲು ಶೇಕಡಾ 10. ಎರಡೂ ಹಿಂಗಾಲಿನ ಮಂಡಿ ಹೊರಗೆ. ನೋಡಿ, ಡಾಕ್ಟರ್ ಬರೆದದ್ದು ಎಡಗಾಲು ಮಾತ್ರ. ಮೇಲ್ ಮಾಡಿ ಕೇಳಿದೆ. ಇದೇ ನಿಯಮ ಮೇಡಂ ಅಂದರು. ವಾಪಸ್ ಮಾಡಿಬಿಡೋಣ ಅಂತ ಒಂದು ಮನಸ್ಸು. ಐಆರ್‌ಡಿಎಐ ಅನ್ನುವ ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಒಂದು ವರ್ಷದ ಇಂಥ ಪಾಲಿಸಿಯನ್ನು ಕಾರಣ ಹೇಳದೆ ಯಾವಾಗ ಬೇಕಾದರೂ ರದ್ದು ಮಾಡಬಹುದು. ಕ್ಲೇಮ್ ಮಾಡಿಲ್ಲದಿದ್ದರೆ ಉಳಿದ ಅವಧಿಯ ಹಣ ವಾಪಸ್ ಕೊಡಬೇಕು. ಅದು ಗೊತ್ತಿದ್ದದ್ದರಿಂದ ಗಾಬರಿಯಾಗದೆ ಇಟ್ಟುಕೊಂಡೆ. ಹಾಂ, ಆದಾಯ ತೆರಿಗೆಯಲ್ಲಿ ಆರೋಗ್ಯ ವಿಮೆಗೆ ಸಿಗುವ ಕಡಿತಕ್ಕೆ ಇದನ್ನು ತೋರಿಸಲು ಬರುವುದಿಲ್ಲ. ನೀವು ಅದನ್ನು ಎಷ್ಟೇ ಮಗಳು ಅಂದರೂ.

ಆಮೇಲೆ ಒಂದು ಸಂಜೆ ವಾಕಿಂಗಿನಲ್ಲಿ ಬೀದಿ ನಾಯಿಗಳು ಮುತ್ತಿಕೊಂಡವು. ನಮ್ಮ ಮನೆಯವರು ಎತ್ತಿಕೊಳ್ಳುವಷ್ಟರಲ್ಲಿ ಒಂದು ನಾಯಿ ಸೊಂಟಕ್ಕೆ ಬಾಯಿ ಹಾಕಿತ್ತು. ಬಿಳಿ ಕೂದಲು ಕೆಂಪಾಗಿತ್ತು. ಹೊರಗಿನಿಂದ ಎರಡೇ ತೂತು, ಒಳಗೆ ಚರ್ಮ ಮಾಂಸದಿಂದ ಕಿತ್ತುಬಂದಿತ್ತು. ದೊಡ್ಡ ನಾಯಿ ಚಿಕ್ಕ ನಾಯಿಯನ್ನು ಹಿಡಿದು ಜಾಡಿಸಿದರೆ ಹೀಗೇ ಆಗುತ್ತದಂತೆ. ಅದಕ್ಕೇ ಹೊರಗಿನ ಗಾಯ ಸಣ್ಣದು ಅಂತ ಮನೆಯಲ್ಲೇ ಅರಿಶಿನ ಹಚ್ಚಿ ಕೂರಬೇಡಿ. ರಾತ್ರಿಯೇ ಎಕ್ಸ್-ರೇ, ಅನಸ್ತೇಶಿಯಾ, ಹೊಲಿಗೆ. ಒಂದು ರಾತ್ರಿ ಅಡ್ಮಿಟ್. ಲಸಿಕೆ ಹಾಕಿಸಿದ್ದರೂ ರೇಬೀಸ್ ಬೂಸ್ಟರ್ ಮತ್ತೆ ಕೊಟ್ಟರು. ಅತ್ತೆ ರಾತ್ರಿಯಿಡೀ ಮನೆಯ ಹಾಲ್‌ನಲ್ಲೇ ಕೂತಿದ್ದರು.

ಆ ಗಡಿಬಿಡಿಯಲ್ಲೂ ಕಂಪನಿಗೆ ತಿಳಿಸಬೇಕು. ನಮ್ಮ ಪಾಲಿಸಿಯಲ್ಲಿ 48 ಗಂಟೆಯೊಳಗೆ. ಬೆಳಿಗ್ಗೆ ಮೇಲ್ ಮಾಡಿದೆ. ಮನುಷ್ಯರ ಆಸ್ಪತ್ರೆಯ ಹಾಗೆ ಕಾರ್ಡ್ ತೋರಿಸಿದರೆ ಮುಗಿಯಲಿಲ್ಲ, ಪೂರ್ತಿ ಹಣ ನಾವೇ ಕಟ್ಟಿ ಆಮೇಲೆ ಕೇಳಬೇಕು. ಕ್ರೆಡಿಟ್ ಕಾರ್ಡಿಗೆ ಬಿತ್ತು.

ಕ್ಲೇಮ್ ಫಾರ್ಮು, ಡಿಸ್ಚಾರ್ಜ್ ಸಮ್ಮರಿ, ಒರಿಜಿನಲ್ ಬಿಲ್ಲು, ಎಕ್ಸ್-ರೇ, ಗಾಯದ ಫೋಟೋ, ಲಸಿಕೆ ಪುಸ್ತಕ ಎಲ್ಲ ಕಳಿಸಿದೆ. ವಾರಗಟ್ಟಲೆ ಸುದ್ದಿಯಿಲ್ಲ. ಆಮೇಲೆ ಬಂತು ನೋಡಿ ಅದೇ ಹಳೇ ಪ್ರಶ್ನೆ. ರಾತ್ರಿ ಬಿಲ್ಲಿಂಗ್‌ನಲ್ಲಿದ್ದ ಹುಡುಗ ಜೂಲಿಯನ್ನು ನೋಡಿ "ಪೊಮೆರೇನಿಯನ್" ಅಂತ ಹೊಡೆದಿದ್ದ. ಪಾಲಿಸಿಯಲ್ಲಿ ಇಂಡಿಯನ್ ಸ್ಪಿಟ್ಜ್. ಬಿಲ್ಲಿನಲ್ಲಿ ಚಿಪ್ ನಂಬರೂ ಇರಲಿಲ್ಲ. ಮಾವನ ಓಲೆ ನೆನಪಾಯಿತು. ಆಸ್ಪತ್ರೆಗೆ ಮತ್ತೆ ಹೋಗಿ, ಚಿಪ್ ರೀಡ್ ಮಾಡಿಸಿ ಪತ್ರ ತಂದೆ. ಆಮೇಲೆ ಎಫ್‌ಐಆರ್ ಇದೆಯಾ ಅಂತ ಕೇಳಿದರು. ಬೀದಿ ನಾಯಿ ಮೇಲೆ ಎಫ್‌ಐಆರ್! ಇದು ಪಾಲಿಸಿಯ ಯಾವ ಷರತ್ತಿನಲ್ಲಿದೆ ತೋರಿಸಿ, ದಾಖಲೆ ಇಲ್ಲ ಅನ್ನುವ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ ಅಂತ ಅದೇ 2024ರ ಸುತ್ತೋಲೆಯಲ್ಲಿದೆ ಅಂತ ಬರೆದೆ. ಆ ಪ್ರಶ್ನೆ ಮತ್ತೆ ಬರಲಿಲ್ಲ. ಬಂದಿದ್ದರೆ ವಿಮಾ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು, ಅಲ್ಲೂ ಆಗದಿದ್ದರೆ ಜೆ.ಪಿ. ನಗರದ ಜೀವನ ಸೌಧದಲ್ಲಿರುವ, ಇಂಥ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್. ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಡ. ಆದರೆ ಮೊದಲು ಕಂಪನಿಗೇ ಲಿಖಿತವಾಗಿ ದೂರು ಕೊಟ್ಟಿರಬೇಕು. ಅದಕ್ಕೇ ಫೋನಿನಲ್ಲಿ ಏನು ಮಾತಾಡಿದರೂ ಒಂದು ಮೇಲ್ ಹಾಕಿಬಿಡಿ.

₹18,400ರಲ್ಲಿ ಮನೆಗೆ ಬರೆದುಕೊಟ್ಟ ಔಷಧಿ ₹2,100, ಗಾಯ ನೆಕ್ಕದ ಹಾಗೆ ಕುತ್ತಿಗೆಗೆ ಹಾಕುವ ಕೋನ್ ₹450, ಆಮೇಲಿನ ಡ್ರೆಸ್ಸಿಂಗ್ ₹1,200, ರೇಬೀಸ್ ಬೂಸ್ಟರ್ ₹450 ಕಳೆದರು. ಉಳಿದ ₹14,200ರಲ್ಲಿ ನಮ್ಮ ಪಾಲು ಶೇಕಡಾ 10 ಹೋಗಿ ₹12,780. ಕಟ್ಟಿದ ಪ್ರೀಮಿಯಂ, ಚಿಪ್, ಸರ್ಟಿಫಿಕೇಟು, ರಕ್ತ ಪರೀಕ್ಷೆ ಎಲ್ಲ ಸೇರಿದರೆ ಎಂಟು ಸಾವಿರದ ಹತ್ತಿರ. ಈ ವರ್ಷ ಗೆದ್ದೆವು ಅನ್ನಿ. ಜೂಲಿ ಕಚ್ಚಿಸಿಕೊಂಡದ್ದರಿಂದ ಗೆದ್ದದ್ದು. ನಮ್ಮ ಮನೆಯವರಿಗೆ ಈ ಲೆಕ್ಕ ಓದಿ ಹೇಳಿದಾಗ ಮುಖ ಆ ಕಡೆ ತಿರುಗಿಸಿದರು.

ರಿನ್ಯೂವಲ್ ಮಾಡಿಸುತ್ತೇನೆ, ಪ್ರೀಮಿಯಂ ವಿಪರೀತ ಏರದಿದ್ದರೆ. ಜೂಲಿಗೆ ಒಂಬತ್ತು ತುಂಬುವ ಹೊತ್ತಿಗೆ ಆರ್‌ಡಿಯಲ್ಲಿ ಐವತ್ತು ಸಾವಿರ ಕೂಡಿದ್ದರೆ ಪಾಲಿಸಿ ಬಿಡುತ್ತೇನೆ. ನಾಯಿಗೆ ಏಳು ದಾಟಿದ್ದರೆ ನೀವು ಇದರ ಬೆನ್ನು ಹತ್ತುವುದು ದಂಡ, ನೇರ ಹಣ ಕೂಡಿಡಿ. ಒಂದೆರಡು ವರ್ಷದ ಮರಿಯಾಗಿದ್ದು, ಮಂಡಿ, ಹೃದಯ ಯಾವುದರ ಮೇಲೂ ಇನ್ನೂ ಏನೂ ಬರೆದಿಲ್ಲದಿದ್ದರೆ ಈಗಲೇ ಮಾಡಿಸಿ.

ಮೂರನೇ ಮಹಡಿಯವರ ಡ್ಯಾಶ್‌ಹಂಡ್‌ಗೆ ಈಗ ಎರಡು ವರ್ಷ. ಆ ತಳಿಗೆ ಮಂಡಿಗಿಂತ ಬೆನ್ನಿನ ಡಿಸ್ಕ್ ತೊಂದರೆ ಜಾಸ್ತಿ, ಕೆಲವಕ್ಕೆ ಹಿಂಗಾಲು ಸ್ವಾಧೀನವೇ ತಪ್ಪುತ್ತದೆ. ಪಾಲಿಸಿಯಲ್ಲಿ ಡಿಸ್ಕ್ ಆಪರೇಷನ್ ಸೇರುತ್ತದೋ, ಇಲ್ಲ ತಳಿಯಿಂದ ಬಂದ ದೋಷ ಅಂತ ಹೊರಗಿಡುತ್ತಾರೋ ಅಂತ ಹಣ ಕಟ್ಟುವ ಮೊದಲೇ ಮೇಲ್‌ನಲ್ಲಿ ಕೇಳಿ ಅಂದಿದ್ದೇನೆ. ನಿನ್ನೆ ಕೇಳಿದಾಗ, ಏಜೆಂಟ್ ಫೋನಿನಲ್ಲಿ "ಎಲ್ಲಾ ಬರುತ್ತೆ ಸಾರ್" ಅಂದನಂತೆ. ಮೇಲ್‌ಗೆ ಉತ್ತರ ಇನ್ನೂ ಬಂದಿಲ್ಲ. ಬರುವ ತನಕ ಹಣ ಕಟ್ಟಬೇಡಿ ಅಂತ ಹೇಳಿ ಬಂದೆ.